ಕೆಎ ಅಂದರೆ ಕನ್ನಡ ಅಲ್ಲ

ತೆಲಂಗಾಣದ ಜೂರಾಲ ಅಣೆಕಟ್ಟಿಗೆ ಹೋದವರು ಎರಡು ಕೆಲಸ ಮಾಡದೆ ಹಿಂದಿರುಗುವುದಿಲ್ಲ. ಗೇಟುಗಳಿಂದ ಧುಮುಕುವ ಕೃಷ್ಣೆಯನ್ನು ಕಣ್ತುಂಬ ನೋಡುತ್ತಾರೆ, ದಡದ ಅಂಗಡಿಯಲ್ಲಿ ಹುರಿದ ಮೀನು ತಿನ್ನುತ್ತಾರೆ. ನೀರಿನ ಅಡಿಯಲ್ಲಿ ಕೂತಿರುವುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಜಲಾಶಯದ ಮೂಲ ಸಾಮರ್ಥ್ಯ 11.94 ಟಿಎಂಸಿ ಅಡಿ. ಈಗ ಲೆಕ್ಕಕ್ಕೆ ಹಿಡಿಯುವುದು 9.66. ಎರಡು ಟಿಎಂಸಿಗೂ ಹೆಚ್ಚಿನ ಜಾಗವನ್ನು ಹೂಳು ಸದ್ದಿಲ್ಲದೆ ತಿಂದುಹಾಕಿದೆ.

ಅಣೆಕಟ್ಟಿಗೆ ಹೂಳು ಪ್ರವಾಹದ ಜೊತೆ ಬರುತ್ತದೆ, ಕಂಪ್ಯೂಟರಿಗೆ ಅಪ್‌ಡೇಟಿನ ಜೊತೆ ಬರುತ್ತದೆ. ಅದೇ ಸೀಮೆಯ ಕೃಷ್ಣಾ ಮಂಡಲದ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿರುವ ಗೆಳೆಯರೊಬ್ಬರಿದ್ದಾರೆ. ಅವರ ಹಳೆಯ ಲ್ಯಾಪ್‌ಟಾಪಿನಲ್ಲಿ ಇರುವುದೇ 32 ಜಿಬಿ ಜಾಗ. ವಿಂಡೋಸ್ ಅದರಲ್ಲಿ ಉಸಿರಾಡಲಾರದೆ ಒದ್ದಾಡುತ್ತಿತ್ತೆಂದು ಲಿನಕ್ಸ್ ಹಾಕಿಸಿಕೊಂಡಿದ್ದರು. ಕಳೆದ ತಿಂಗಳು ಫೋನು ಬಂತು. “ಸರ್, ಡಿಸ್ಕ್ ಫುಲ್ ಆಗ್ಯಾದ್ರಿ. ಬ್ಯಾಡಾದ ಭಾಷಿ ತೆಗದ್ರ ಜಾಗ ಆಗ್ತದಂತ. ತೆಗೀಲಿಕ್ಕೆ ಕುಂತೀನಿ, ಒಂದೀಟು ನೋಡಿ ಹೇಳ್ರಿ.”

ವಿಡಿಯೊ ಕಾಲಿನಲ್ಲಿ ಅವರ ತೆರೆ ನೋಡಿದೆ. ಎರಡೆರಡು ಅಕ್ಷರದ ಸಂಕೇತಗಳ ಉದ್ದನೆಯ ಪಟ್ಟಿ. ಉಳಿಸಿಕೊಳ್ಳಬೇಕಾದ ಭಾಷೆಯ ಮುಂದೆ ಸ್ಪೇಸ್‌ಬಾರ್ ಒತ್ತಿ ನಕ್ಷತ್ರ ಇಡಬೇಕು, ನಕ್ಷತ್ರವಿಲ್ಲದವೆಲ್ಲ ಅಳಿಸಿಹೋಗುತ್ತವೆ. ಮೇಷ್ಟ್ರು ‘ಇಎನ್’ ಉಳಿಸಿಕೊಂಡಿದ್ದರು. ಅದು ಇಂಗ್ಲಿಷು, ಸರಿ. ‘ಟಿಇ’ ತೆಲುಗು, ‘ಯುಆರ್’ ಉರ್ದು, ‘ಎಚ್‌ಐ’ ಹಿಂದಿ, ಎಲ್ಲಾ ಸರಿ. ಆಮೇಲೆ ‘ಕೆಎ’ ಮುಂದೆಯೂ ಒಂದು ನಕ್ಷತ್ರ.

“ಇದ್ಯಾವುದು ಮೇಷ್ಟ್ರೇ?”

“ಕನ್ನಡ ಅಲ್ಲೇನ್ರಿ? ರಾಯಚೂರು ಗಾಡಿ ಮ್ಯಾಲ ಬರೀತಾರಲ್ಲ, ಕೆಎ ಮೂವತ್ತಾರು ಅಂತ.”

ಅವರು ಎಂಟರ್ ಒತ್ತಿದ್ದರೆ ಕೃಷ್ಣಾ ತೀರದ ಆ ಲ್ಯಾಪ್‌ಟಾಪಿನಲ್ಲಿ ಕಾಕಸಸ್ ಬೆಟ್ಟಗಳ ಸೀಮೆಯ ಜಾರ್ಜಿಯನ್ ಉಳಿದು, ಕನ್ನಡ ಗುಡಿಸಿಹೋಗುತ್ತಿತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ‘ಕೆಎ’ ಜಾರ್ಜಿಯನ್ ಭಾಷೆ. ಕನ್ನಡದ ಸಂಕೇತ ‘ಕೆಎನ್’.

ನಗುವಂಥ ತಪ್ಪಲ್ಲ ಇದು. ಗಾಡಿಯ ನಂಬರ್ ಪ್ಲೇಟು ರಾಜ್ಯದ ಗುರುತು, ಲಿನಕ್ಸ್ ಬಳಸುವುದು ಐಎಸ್‌ಒ 639 ಎಂಬ ಅಂತರರಾಷ್ಟ್ರೀಯ ಪಟ್ಟಿಯ ಭಾಷಾ ಗುರುತು. ಎರಡಕ್ಕೂ ಸಂಬಂಧವೇ ಇಲ್ಲ. 2024ರಿಂದ ತೆಲಂಗಾಣದ ಹೊಸ ಗಾಡಿಗಳ ಮೇಲೆ ‘ಟಿಜಿ’ ಬಂದಿದೆ. ಭಾಷೆಗಳ ಪಟ್ಟಿಯಲ್ಲಿ ಟಿಜಿ ಅಂದರೆ ತಾಜಿಕಿಸ್ತಾನದ ತಾಜಿಕ್. ತಮಿಳುನಾಡಿನ ‘ಟಿಎನ್’ ಅಲ್ಲಿ ದಕ್ಷಿಣ ಆಫ್ರಿಕಾ ಕಡೆಯ ತ್ಸ್ವಾನಾ. ಕೇರಳದ ‘ಕೆಎಲ್’ ಗ್ರೀನ್‌ಲ್ಯಾಂಡಿನ ನುಡಿ. ನಮಗೆ ಬೇಕಾದವು ಇವು: ಕನ್ನಡ ಕೆಎನ್, ತೆಲುಗು ಟಿಇ, ಉರ್ದು ಯುಆರ್, ಮರಾಠಿ ಎಂಆರ್, ಹಿಂದಿ ಎಚ್‌ಐ. ತುಳುವಿಗೆ ಮೂರಕ್ಷರ, ಟಿಸಿವೈ. ಕೊಂಕಣಿಗೆ ಕೆಒಕೆ. ಸಂಕೇತದ ಬಾಲಕ್ಕೆ ‘ಐಎನ್’ ಅಂಟಿದ್ದರೆ ಅದು ಇಂಡಿಯಾ, ಅಂದರೆ ಭಾರತದಲ್ಲಿ ಆ ಭಾಷೆಯ ರೂಢಿ.

ಇಷ್ಟಕ್ಕೂ ಈ ಭಾಷಾ ಫೈಲುಗಳಲ್ಲಿ ಇರುವುದೇನು? ಬಹುತೇಕ ಲಿನಕ್ಸ್ ತಂತ್ರಾಂಶಗಳು ಗೆಟ್‌ಟೆಕ್ಸ್ಟ್ ಎಂಬ ಏರ್ಪಾಡನ್ನು ನೆಚ್ಚಿಕೊಂಡಿವೆ. ಅದರ ಗ್ನೂ ಅವತಾರ 1995ರಷ್ಟು ಹಳೆಯದು. ಅನುವಾದ ಮಾಡುವವರು ಒಂದು ಸಾದಾ ಪಠ್ಯದ ಫೈಲಿನಲ್ಲಿ ಜೋಡಿ ಸಾಲು ಬರೆಯುತ್ತಾರೆ. ಮೇಲಿನ ಸಾಲಿನಲ್ಲಿ ಇಂಗ್ಲಿಷಿನ ‘ಸೇವ್’, ಕೆಳಗಿನ ಸಾಲಿನಲ್ಲಿ ಕನ್ನಡದ ‘ಉಳಿಸು’. ಹೀಗೆ ಬಟನ್ನು, ಮೆನು, ಎಚ್ಚರಿಕೆ, ತಪ್ಪಿನ ಸಂದೇಶಗಳೆಲ್ಲ ಜೋಡಿ ಜೋಡಿಯಾಗಿ ಸಾಲುಗಟ್ಟುತ್ತವೆ. ಅದನ್ನು ಕಂಪ್ಯೂಟರ್ ಬೇಗ ಹುಡುಕಿಕೊಳ್ಳುವಂತೆ ಬಿಗಿದು ಕಟ್ಟಿದರೆ ‘ಎಂಒ’ ಬಾಲದ ಫೈಲು ಆಗುತ್ತದೆ. ಡಿಸ್ಕಿನಲ್ಲಿ ‘ಯುಎಸ್‌ಆರ್’ ಫೋಲ್ಡರಿನ ಒಳಗೆ ‘ಶೇರ್’, ಅದರ ಒಳಗೆ ‘ಲೊಕೇಲ್’. ಅಲ್ಲಿ ಭಾಷೆಗೊಂದು ಫೋಲ್ಡರು, ತಂತ್ರಾಂಶಕ್ಕೊಂದು ಫೈಲು. ನೀವು ಒಂದೇ ಒಂದು ಕ್ಯಾಲ್ಕ್ಯುಲೇಟರ್ ಹಾಕಿಕೊಂಡರೂ ಅದರ ಜೊತೆ ಹತ್ತಾರು ಭಾಷೆಯ ಫೈಲುಗಳು ಮೆರವಣಿಗೆಯಲ್ಲಿ ಬಂದು ತಂತಮ್ಮ ಫೋಲ್ಡರಿನಲ್ಲಿ ಕೂರುತ್ತವೆ.

‘ಉಳಿಸು’ ಎಂಬುದರಲ್ಲಿ ಯೂನಿಕೋಡ್ ಲೆಕ್ಕದ ಐದು ಸಂಕೇತಗಳಿವೆ, ಸಂಕೇತವೊಂದಕ್ಕೆ ಮೂರು ಬೈಟಿನಂತೆ ಒಟ್ಟು 15 ಬೈಟು. ಇಂಗ್ಲಿಷಿನ ‘ಸೇವ್’ ನಾಲ್ಕೇ ಬೈಟು. ಆದರೆ ನಿಜವಾದ ಭಾರ ಇಲ್ಲಿಲ್ಲ. ಲಿನಕ್ಸಿನ ಸಾಮಾನ್ಯ ಡಿಸ್ಕ್ ವ್ಯವಸ್ಥೆ ಎಷ್ಟೇ ಸಣ್ಣ ಫೈಲಿಗೂ 4 ಕೆಬಿಯ ಒಂದು ಖಾನೆಯನ್ನು ಪೂರ್ತಿ ಬಿಟ್ಟುಕೊಡುತ್ತದೆ. ಬಸ್ಸಿನಲ್ಲಿ ಟವೆಲು ಹಾಸಿ ಸೀಟು ಹಿಡಿದ ಹಾಗೆ. ಹೀಗಾಗಿ ಸಾವಿರಾರು ಚಿಳ್ಳೆಪಿಳ್ಳೆ ಫೈಲುಗಳು ತಮ್ಮ ತೂಕಕ್ಕಿಂತ ಹೆಚ್ಚು ಜಾಗ ಹಿಡಿಯುತ್ತವೆ. ಇವುಗಳ ಜೊತೆಗೆ ಕಮಾಂಡುಗಳ ಕೈಪಿಡಿ ಪುಟಗಳ ಅನುವಾದ ಬೇರೆ, ಚಿತ್ರಸಹಿತ ಸಹಾಯ ಪುಟಗಳ ಅನುವಾದ ಬೇರೆ. ಎಲ್ಲ ಕೂಡಿದರೆ ಲೆಕ್ಕ ನೂರಾರು ಎಂಬಿಗೆ ಮುಟ್ಟುತ್ತದೆ.

ಈಗ ಮುಖ್ಯವಾದ ಮಾತು. ‘ಕೆಎನ್’ ಫೋಲ್ಡರು ಅಳಿಸಿದರೆ ಕಂಪ್ಯೂಟರಿನಲ್ಲಿ ಕನ್ನಡ ಓದಲು ಬರೆಯಲು ಆಗುವುದಿಲ್ಲ ಎಂದು ಹಲವರು ಹೆದರುತ್ತಾರೆ. ಹಾಗೇನಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ನಾಲ್ಕು ಬೇರೆ ಬೇರೆ ಮನೆಗಳಲ್ಲಿ ಸಂಸಾರ ಮಾಡುತ್ತದೆ. ಮೊದಲನೆಯದು ಅಕ್ಷರರೂಪ, ಅಂದರೆ ಫಾಂಟು. ಲೋಹಿತ್, ನವಿಲು, ಗುಬ್ಬಿ, ನೋಟೊ, ಇವೆಲ್ಲ ಫಾಂಟುಗಳ ಪ್ಯಾಕೇಜಿನಲ್ಲಿ ಇರುತ್ತವೆ. ಇವು ಹೋದರೆ ಕನ್ನಡದ ಜಾಗದಲ್ಲಿ ಚೌಕ ಡಬ್ಬಿಗಳು ಕಾಣಿಸುತ್ತವೆ. ಎರಡನೆಯದು ಕೀಲಿಮಣೆ. ಕಗಪ ವಿನ್ಯಾಸ, ಇನ್‌ಸ್ಕ್ರಿಪ್ಟ್ ವಿನ್ಯಾಸಗಳು ಬೇರೆಯದೇ ಪ್ಯಾಕೇಜುಗಳಲ್ಲಿವೆ. ಮೂರನೆಯದು ಪ್ರದೇಶದ ರೂಢಿ: ತಾರೀಖು ಹೇಗೆ ಬರೆಯಬೇಕು, ಹಣವನ್ನು ಲಕ್ಷ ಕೋಟಿಯ ಅಲ್ಪವಿರಾಮ ಹಾಕಿ ಹೇಗೆ ತೋರಿಸಬೇಕು, ಹೆಸರುಗಳನ್ನು ಅಕಾರಾದಿಯಾಗಿ ಹೇಗೆ ಜೋಡಿಸಬೇಕು ಎಂಬ ಕಟ್ಟಳೆ. ನಾಲ್ಕನೆಯದು ನಾವು ಈಗ ಮಾತಾಡುತ್ತಿರುವ ಅನುವಾದದ ಫೈಲು. ಅದು ಹೋದರೆ ಮೆನುವಿನ ಮಾತು ಕನ್ನಡದಲ್ಲಿ ಬರುವುದಿಲ್ಲ, ಅಷ್ಟೇ. ನೀವು ಕನ್ನಡದಲ್ಲಿ ಕಾಗದ ಬರೆಯುವುದಕ್ಕೆ, ಪತ್ರಿಕೆ ಓದುವುದಕ್ಕೆ ಏನೂ ಅಡ್ಡಿಯಿಲ್ಲ.

ಅಂದಮೇಲೆ ಇದು ಅಪಾಯದ ಕೆಲಸವಲ್ಲ. ಅನುವಾದ ಸಿಗದಿದ್ದರೆ ತಂತ್ರಾಂಶ ಬಿದ್ದುಹೋಗುವುದಿಲ್ಲ, ಇಂಗ್ಲಿಷಿನಲ್ಲಿ ಮಾತಾಡುತ್ತದೆ. ಕಾರಣ, ಇಂಗ್ಲಿಷು ಯಾವ ಫೋಲ್ಡರಿನಲ್ಲೂ ಬಾಡಿಗೆಗೆ ಇಲ್ಲ. ತಂತ್ರಾಂಶ ಬರೆಯುವಾಗಲೇ ಅದರ ಗೋಡೆಯೊಳಗೆ ಇಂಗ್ಲಿಷಿನ ಸಾಲುಗಳನ್ನು ಕಟ್ಟಿಬಿಟ್ಟಿರುತ್ತಾರೆ. ಉಳಿದ ಭಾಷೆಗಳು ಹೊರಗಿನಿಂದ ಬಂದು ಚಾಪೆ ಹಾಸಿಕೊಂಡವು. ಜಾಗ ಸಾಲದಾದಾಗ ಚಾಪೆ ಸುತ್ತಬಹುದು, ಗೋಡೆ ಒಡೆಯಲಾಗುವುದಿಲ್ಲ. ಇಂಗ್ಲಿಷು ಹಿಡಿದಿರುವ ಜಾಗವನ್ನು ಯಾವ ಸಫಾಯಿ ತಂತ್ರಾಂಶವೂ ತೂಗಿ ತೋರಿಸದು. ‘ಇಷ್ಟು ಎಂಬಿ ಉಳಿಸಬಹುದು’ ಎಂಬ ಸಾಲಿನಲ್ಲಿ ಲೆಕ್ಕಕ್ಕೆ ಬರುವುದು ಉಳಿದವರು ಮಾತ್ರ. ‘ಬಳಸದ ಭಾಷೆ’ ಎಂಬ ಮಾತನ್ನು ನಂಬುವ ಮೊದಲು ಈ ತಕ್ಕಡಿ ಎತ್ತ ವಾಲಿದೆ ಎಂದು ನೋಡಿಕೊಳ್ಳಬೇಕು.

ಹಾಗಾದರೆ ಅಳಿಸಬಾರದೇ? ಖಂಡಿತ ಅಳಿಸಬಹುದು. ಮೇಷ್ಟ್ರ ಮನೆಯಲ್ಲಿ ಫಿನ್ನಿಶ್, ಹಂಗೇರಿಯನ್, ಬಾಸ್ಕ್ ಓದುವವರು ಯಾರೂ ಇಲ್ಲ. ಡೆಬಿಯನ್ ಕುಲದ ಲಿನಕ್ಸಿಗೆ ‘ಲೊಕೇಲ್‌ಪರ್ಜ್’ ಎಂಬ ಸಲಕರಣೆ ಇದೆ, ಮೇಷ್ಟ್ರ ತೆರೆಯ ಮೇಲಿದ್ದದ್ದು ಅದೇ. ಮೌಸಿನಲ್ಲೇ ಕೆಲಸ ಆಗಬೇಕು ಅನ್ನುವವರಿಗೆ ‘ಬ್ಲೀಚ್‌ಬಿಟ್’ ಇದೆ. ಎರಡರಲ್ಲೂ ಗುರುತು ಹಾಕಿದ ಭಾಷೆ ಉಳಿಯುತ್ತದೆ, ಹಾಕದ್ದು ಹೋಗುತ್ತದೆ. ಅಳಿಸಬೇಕಾದುದಕ್ಕೇ ಗುರುತು ಹಾಕಬೇಕು ಅಂದುಕೊಂಡು ಉಲ್ಟಾ ಮಾಡಿಕೊಂಡವರನ್ನು ಕಂಡಿದ್ದೇನೆ. ಗುರುತು ಹಾಕಿದ ಮೇಲೆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ಗಟ್ಟಿಯಾಗಿ ಓದಿ. ಬ್ಲೀಚ್‌ಬಿಟ್‌ನಲ್ಲಿ ಅಳಿಸುವ ಮೊದಲು ‘ಪ್ರಿವ್ಯೂ’ ಒತ್ತಿದರೆ ಏನೇನು ಹೋಗಲಿದೆ ಎಂಬುದನ್ನು ಸಾಲುಸಾಲಾಗಿ ತೋರಿಸುತ್ತದೆ.

ಲೊಕೇಲ್‌ಪರ್ಜ್ ಮಾಡಿದವರೇ ಒಂದು ಎಚ್ಚರಿಕೆ ಕೊಟ್ಟಿದ್ದಾರೆ. ಇದು ಹಿಂಬಾಗಿಲಿನ ಉಪಾಯ, ಪ್ಯಾಕೇಜು ನೋಡಿಕೊಳ್ಳುವ ವ್ಯವಸ್ಥೆಗೆ ಇದರ ಸುದ್ದಿ ಗೊತ್ತಾಗುವುದಿಲ್ಲ. ಪ್ಯಾಕೇಜಿನ ಖಾತೆಯಲ್ಲಿ ಫೈಲು ಇದೆ ಅಂತಲೇ ಬರೆದಿರುತ್ತದೆ, ಡಿಸ್ಕಿನಲ್ಲಿ ಇರುವುದಿಲ್ಲ. ಪಡಿತರ ಚೀಟಿಯಲ್ಲಿ ಹೆಸರಿದ್ದು ಊರು ಬಿಟ್ಟುಹೋದವರ ಹಾಗೆ. ಮುಂದೆ ಆ ಭಾಷೆ ಮತ್ತೆ ಬೇಕೆನಿಸಿದರೆ ಆಯಾ ಪ್ಯಾಕೇಜನ್ನು ಮರುಸ್ಥಾಪಿಸಬೇಕು. ಇದಕ್ಕಿಂತ ಸಭ್ಯವಾದ ದಾರಿಯೊಂದಿದೆ: ಇಂಥಿಂಥ ಫೋಲ್ಡರಿನ ಫೈಲು ಬರುವಾಗಲೇ ಬಾಗಿಲಲ್ಲಿ ತಡೆ ಎಂದು ಡೆಬಿಯನ್ನಿನ ಪ್ಯಾಕೇಜು ವ್ಯವಸ್ಥೆ ‘ಡಿಪಿಕೆಜಿ’ಗೆ ಮುಂಚೆಯೇ ಬರೆದಿಡುವುದು. ಲೊಕೇಲ್‌ಪರ್ಜ್‌ನ ಈಚಿನ ಆವೃತ್ತಿಗಳು ಈ ದಾರಿಯನ್ನೂ ತೋರಿಸುತ್ತವೆ. ಫೆಡೋರಾ ಎಂಬ ಇನ್ನೊಂದು ಬಗೆಯ ಲಿನಕ್ಸಿನಲ್ಲಿ ಇನ್ನೂ ಸಲೀಸು. ಅಲ್ಲಿ 2016ರಿಂದ ಪ್ರದೇಶ ರೂಢಿಯ ಕಡತಗಳನ್ನು ಭಾಷಾವಾರು ಒಡೆದು ಇಟ್ಟಿದ್ದಾರೆ. ಎಲ್ಲ ಭಾಷೆಗಳ ದೊಡ್ಡ ಮೂಟೆಯ ಬದಲು ಕನ್ನಡದ, ತೆಲುಗಿನ ಚಿಕ್ಕ ಗಂಟುಗಳನ್ನಷ್ಟೇ ಇಟ್ಟುಕೊಳ್ಳಬಹುದು. ಫೈಲ್ ಮ್ಯಾನೇಜರಿಗೆ ಹೋಗಿ ಫೋಲ್ಡರುಗಳನ್ನು ಕೈಯಾರೆ ಅಳಿಸುವುದು ಮಾತ್ರ ಬೇಡ. ಒಂದು ಬೆರಳು ಜಾರಿದರೆ ಪಕ್ಕದ ಫೋಲ್ಡರು ಹೋಗುತ್ತದೆ. ನೀವು ಈಗ ಬಳಸುತ್ತಿರುವ ಪ್ರದೇಶ ರೂಢಿಯನ್ನೇ ಅಳಿಸಿಬಿಟ್ಟರೆ ಕಂಪ್ಯೂಟರು ಏಳುವುದೇನೋ ಏಳುತ್ತದೆ, ಆದರೆ ಟರ್ಮಿನಲ್ಲಿನಲ್ಲಿ ಎಷ್ಟೋ ಕೆಲಸ ಹೇಳಿದಾಗ ಮೊದಲು ನಾಲ್ಕು ಸಾಲು ಗೊಣಗುತ್ತದೆ.

ಉಬುಂಟು ಎಂಬ ಲಿನಕ್ಸ್ ಬಳಸುವವರಿಗೆ ಲೊಕೇಲ್‌ಪರ್ಜ್‌ನಿಂದ ಸಿಗುವ ಲಾಭ ಕಡಿಮೆ. ಅಲ್ಲಿ ಮುಖ್ಯ ಭಂಡಾರದ ತಂತ್ರಾಂಶಗಳ ಅನುವಾದಗಳನ್ನು ಮೊದಲೇ ಬೇರ್ಪಡಿಸಿ ಭಾಷೆಗೊಂದು ಪ್ಯಾಕು ಕಟ್ಟಿರುತ್ತಾರೆ. ನೀವು ಆರಿಸಿದ ಭಾಷೆಯ ಪ್ಯಾಕು ಮಾತ್ರ ಬಂದು ಕೂರುತ್ತದೆ. ಬೇಡವೆಂದರೆ ಆ ಪ್ಯಾಕನ್ನೇ ತೆಗೆದರಾಯಿತು, ಹಿಂಬಾಗಿಲಿನ ಉಪಾಯ ಬೇಕಿಲ್ಲ.

ಇನ್ನು ಹೂಳಿನ ಲೆಕ್ಕಕ್ಕೆ ಬರೋಣ. ಭಾಷೆ ತೆಗೆಯುವ ಮೊದಲು ಹೊಟ್ಟೆ ತುಂಬಿರುವುದು ಯಾವುದರಿಂದ ಎಂದು ತಿಳಿಯಬೇಡವೇ? ಲಿನಕ್ಸಿನಲ್ಲಿ ‘ಡಿಸ್ಕ್ ಯೂಸೇಜ್ ಅನಲೈಸರ್’ ತೆರೆದರೆ ಬಣ್ಣಬಣ್ಣದ ಉಂಗುರಗಳಲ್ಲಿ ಯಾವ ಫೋಲ್ಡರು ಎಷ್ಟು ತಿಂದಿದೆ ಎಂದು ಕಾಣುತ್ತದೆ. ಮೇಷ್ಟ್ರಿಗೆ ಅದನ್ನೇ ತೆರೆಯಲು ಹೇಳಿದೆ. ಭಾಷೆಗಳ ಪಾಲು ಒಂದು ಸಣ್ಣ ಹೋಳು. ದೊಡ್ಡ ಹೋಳುಗಳು ಬೇರೆಯೇ ಇದ್ದವು. ಲಿನಕ್ಸಿನ ತಿರುಳಾದ ಕರ್ನೆಲ್‌ನ ಹಳೆಯ ಆವೃತ್ತಿಗಳು ಒಂದೊಂದೂ ನೂರಾರು ಎಂಬಿ. ಅಪ್‌ಡೇಟು ಮುಗಿದ ಮೇಲೂ ಉಗ್ರಾಣದಲ್ಲೇ ಬಿದ್ದಿದ್ದ ಪ್ಯಾಕೇಜು ಫೈಲುಗಳು. ಮತ್ತೆ ಕಂಪ್ಯೂಟರ್ ತನ್ನಷ್ಟಕ್ಕೆ ಬರೆದುಕೊಳ್ಳುವ ದಿನಚರಿ. ಆ ದಿನಚರಿ ತಾನಾಗಿಯೇ ಡಿಸ್ಕಿನ ಹತ್ತರಲ್ಲೊಂದು ಪಾಲಿನವರೆಗೆ, ಹೆಚ್ಚೆಂದರೆ 4 ಜಿಬಿವರೆಗೆ ಬೆಳೆಯಬಹುದು. ಅದನ್ನು 200 ಎಂಬಿಗೆ ಕಟ್ಟಿಹಾಕಿದೆವು. ಉಗ್ರಾಣ ಗುಡಿಸಿದೆವು. ಬೇಡದ ಕರ್ನೆಲ್‌ಗಳನ್ನು ‘ಆಟೋರಿಮೂವ್’ ಮೂಲಕ ಕಳಿಸಿದೆವು. ಸ್ನ್ಯಾಪ್ ಎಂಬ ಬಗೆಯ ಪ್ಯಾಕೇಜು ಬಳಸುವ ಉಬುಂಟುವಿನಲ್ಲಾದರೆ ಪ್ರತಿ ಸ್ನ್ಯಾಪಿನ ಹಳೆಯ ಆವೃತ್ತಿಯೂ ಒಂದು ಉಳಿದಿರುತ್ತದೆ, ಅದನ್ನೂ ನೋಡಬೇಕು. ಭಾಷೆಯ ಗೊಡವೆಗೆ ಹೋಗುವ ಮೊದಲೇ ಮೇಷ್ಟ್ರ ಡಿಸ್ಕು ಉಸಿರಾಡಲು ಶುರುಮಾಡಿತ್ತು.

ಆಮೇಲೆ ಕುತೂಹಲಕ್ಕೆ ಕೆಎನ್ ಫೋಲ್ಡರು ತೆರೆದು ತೂಕ ನೋಡಿದೆವು. ವಾಟ್ಸ್‌ಆ್ಯಪಿನಲ್ಲಿ ಬರುವ ಒಂದೆರಡು ವಿಡಿಯೊಗಳಷ್ಟು, ಅಷ್ಟೇ. ಜರ್ಮನ್, ಫ್ರೆಂಚ್ ಫೋಲ್ಡರುಗಳು ದಷ್ಟಪುಷ್ಟವಾಗಿದ್ದವು, ಕನ್ನಡದ್ದು ಬಡಕಲು. ಕಾರಣ ಸರಳ. ಜೋಡಿ ಸಾಲಿನ ಕೆಳಗಿನ ಸಾಲು ಬರೆಯುವವರು ಅಲ್ಲಿ ಹೆಚ್ಚು, ಇಲ್ಲಿ ಕಡಿಮೆ. ಬೆಂಗಳೂರು, ಮೈಸೂರು, ಪುಣೆ, ಪರದೇಶ ಎಲ್ಲೆಲ್ಲೋ ಕೂತ ಬೆರಳೆಣಿಕೆಯ ಕನ್ನಡಿಗರು ರಾತ್ರಿ ನಿದ್ದೆಗೆಟ್ಟು ಮಾಡಿದ ಕೆಲಸ ಆ ಫೋಲ್ಡರಿನಲ್ಲಿದೆ. ಅದನ್ನು ಅಳಿಸಿ ಸಿಗುವ ಜಾಗ ಒಂದು ಮದುವೆಯ ಫೋಟೋಗಳಿಗೂ ಸಾಲದು.

“ಆದ್ರ ನಾ ಎಲ್ಲ ಇಂಗ್ಲಿಷ್‌ನಾಗ ನೋಡ್ತೀನಲ್ರಿ, ಕನ್ನಡ ಮೆನು ನನಗ್ಯಾಕ?” ಅಂದರು ಮೇಷ್ಟ್ರು. ನ್ಯಾಯವಾದ ಪ್ರಶ್ನೆ. ಜನ ಯಾರೂ ಎದುರಿಗೆ ಕೂರದ ಸರ್ವರುಗಳಲ್ಲಿ ಅನುವಾದದ ಫೈಲುಗಳನ್ನು ಹೊರಗಿಡುವುದು ರೂಢಿಯೇ ಆಗಿದೆ. ಕ್ಲೌಡಿನಲ್ಲಿ ಓಡುವ ಉಬುಂಟುವಿನ ಪುಟ್ಟ ಆವೃತ್ತಿಗಳು ಕೈಪಿಡಿಗಳನ್ನೂ ಅನುವಾದಗಳನ್ನೂ ಬಿಟ್ಟೇ ಬರುತ್ತವೆ. ಅಲ್ಲಿ ಓದುವವರಿಲ್ಲ, ಹಾಗಾಗಿ ಅದು ತಪ್ಪಲ್ಲ. ಆದರೆ ಮೇಷ್ಟ್ರ ಲ್ಯಾಪ್‌ಟಾಪು ಸರ್ವರಲ್ಲ. ಅದರ ಮುಂದೆ ಅವರೊಬ್ಬರೇ ಕೂರುವುದೂ ಇಲ್ಲ.

ಈ ಸೀಮೆಯನ್ನು ಬಲ್ಲವರಿಗೆ ಇದು ಅರ್ಥವಾಗುತ್ತದೆ. 1956ರ ನವೆಂಬರ್ 1ರ ಮೊದಲು ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ರಾಯಚೂರು ಇತ್ತ ಕನ್ನಡದ ಕಡೆ ಬಂತು, ಅವೆರಡೂ ಅತ್ತ ತೆಲುಗಿನ ಕಡೆ ಉಳಿದವು. ಮಕ್ತಲ್, ನಾರಾಯಣಪೇಟೆ ಆಗ ಮಹಬೂಬ್‌ನಗರ ಜಿಲ್ಲೆಯಲ್ಲಿದ್ದವು, 2019ರಲ್ಲಿ ನಾರಾಯಣಪೇಟೆಯೇ ಜಿಲ್ಲೆಯಾಯಿತು. ಡಿಸ್ಕನ್ನು ಪಾರ್ಟಿಷನ್ ಮಾಡಿದಷ್ಟು ಸುಲಭವಾಗಿ ನಕ್ಷೆಯ ಮೇಲೆ ಗೆರೆ ಎಳೆದರು, ನುಡಿ ಗೆರೆ ನೋಡಿ ನಿಲ್ಲಲಿಲ್ಲ. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಇವತ್ತಿಗೂ ಮನೆಮಾತು ಕನ್ನಡ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಮಂಡಲ ಕಚೇರಿಗೆ ಹೋದರೆ ತೆಲುಗು, ಮಕ್ತಲ್ ಸಂತೆಯಲ್ಲಿ ತೆಲುಗು ಕನ್ನಡ ಉರ್ದು ಮೂರೂ ಬೆರೆತ ಒಂದು ಮಾತು. ಕೇಳಿದರೆ ಅವರಿಗೆ ಅದು ಮೂರು ಭಾಷೆ ಅನ್ನಿಸುವುದೂ ಇಲ್ಲ.

ತಮಾಷೆಯೆಂದರೆ ಯೂನಿಕೋಡಿನಲ್ಲೂ ಈ ಇಬ್ಬರು ನೆರೆಹೊರೆ. ಜಗತ್ತಿನ ಬಹುತೇಕ ಲಿಪಿಗಳಿಗೆ ಅಲ್ಲಿ ನಿವೇಶನ ಹಂಚಿದ್ದಾರೆ. ತೆಲುಗಿಗೆ 3072ರಿಂದ 3199ರವರೆಗಿನ ಸಂಖ್ಯೆಗಳು. ಕನ್ನಡ ಶುರುವಾಗುವುದು ಸರಿಯಾಗಿ 3200ರಿಂದ. ನಡುವೆ ಒಂದು ಗೇಣು ಖಾಲಿ ಜಾಗವಿಲ್ಲ, ಒಂದೇ ಗೋಡೆ.

ಈ ನೆರೆಹೊರೆತನಕ್ಕೆ ಒಪ್ಪುವ ಒಂದು ಸೌಲಭ್ಯ ಗೆಟ್‌ಟೆಕ್ಸ್ಟ್‌ನಲ್ಲಿದೆ. ಬಹಳ ಜನರಿಗೆ ಗೊತ್ತಿಲ್ಲ. ಭಾಷೆಯನ್ನು ಒಂದೇ ಅಂತ ಆರಿಸಬೇಕಿಲ್ಲ, ಸಾಲು ಹಚ್ಚಬಹುದು. ‘ಲ್ಯಾಂಗ್ವೇಜ್’ ಎಂಬ ಹೆಸರಿನ ಸೆಟ್ಟಿಂಗಿನಲ್ಲಿ ಕೆಎನ್, ಟಿಇ, ಇಎನ್ ಎಂದು ನಡುವೆ ಕೋಲನ್ ಹಾಕಿ ಬರೆದರೆ ಮುಗಿಯಿತು. ಕಂಪ್ಯೂಟರು ಮೊದಲು ಕನ್ನಡದ ಸಾಲು ಹುಡುಕುತ್ತದೆ. ಅದು ಸಿಗದಿದ್ದರೆ ತೆಲುಗಿನದು, ಅದೂ ಇಲ್ಲವಾದರೆ ಇಂಗ್ಲಿಷು. ಉಬುಂಟುವಿನ ‘ಲ್ಯಾಂಗ್ವೇಜ್ ಸಪೋರ್ಟ್’ನಲ್ಲಿ ಬರೆಯುವ ಕಷ್ಟವೂ ಇಲ್ಲ, ಭಾಷೆಗಳ ಹೆಸರನ್ನು ಮೌಸಿನಲ್ಲಿ ಎಳೆದು ಮೇಲೆ ಕೆಳಗೆ ಜೋಡಿಸಿದರೆ ಸಾಕು. ಮೊದಲು ಯಾವುದಾದರೊಂದು ಭಾಷೆಯ ಪ್ರದೇಶ ರೂಢಿಯನ್ನು ಸಿದ್ಧಗೊಳಿಸಿ ಅದನ್ನು ಆರಿಸಿಕೊಂಡಿರಬೇಕು, ಇಲ್ಲದಿದ್ದರೆ ಈ ಸಾಲಿಗೆ ಬೆಲೆ ಬರುವುದಿಲ್ಲ.

ಕೊನೆಗೆ ಮೇಷ್ಟ್ರ ಪಟ್ಟಿ ಹೀಗಾಯಿತು. ಕೆಎ ಹೋಯಿತು, ಕೆಎನ್ ಬಂತು. ಟಿಇ, ಯುಆರ್, ಎಚ್‌ಐ, ಇಎನ್ ಇದ್ದಲ್ಲೇ ಉಳಿದವು. “ನಾರಾಯಣಪೇಟೆ ಕಡೆ ನಮ್ಮ ಬೀಗರದಾರ, ಮನ್ಯಾಗ ಮರಾಠಿ ಮಾತಾಡ್ತಾರ” ಅಂತ ನೆನಪು ಮಾಡಿಕೊಂಡು ಎಂಆರ್‌ಗೂ ನಕ್ಷತ್ರ ಇಟ್ಟರು. ಉಳಿದದ್ದೆಲ್ಲ ಅಳಿಸಿಹೋಯಿತು. ತಮಗೆ ಇಂಗ್ಲಿಷು ಹಾಗೇ ಇಟ್ಟುಕೊಂಡು, ಶಾಲೆಯ ಮಕ್ಕಳಿಗೆಂದು ಬೇರೆ ಖಾತೆ ತೆರೆದು ಅದರಲ್ಲಿ ಮೂರು ಭಾಷೆ ಸಾಲು ಹಚ್ಚಿದರು.

ಮಾರನೆಯ ದಿನ ಸಂಜೆ ಫೋನು ಮಾಡಿದರು. ಏಳನೆಯ ತರಗತಿಯ ಹುಡುಗಿಯೊಬ್ಬಳು ಹೊಸ ಖಾತೆ ತೆರೆದು ಮೆನು ಓದಿದಳಂತೆ. ನಾಲ್ಕು ಸಾಲು ಕನ್ನಡ, ನಡುವೆ ಒಂದು ತೆಲುಗು, ಕೊನೆಗೆ ಒಂದು ಇಂಗ್ಲಿಷು. ಎಲ್ಲೂ ತಡವರಿಸದೆ ಒಂದೇ ಉಸಿರಿಗೆ ಓದಿ ಮುಗಿಸಿದಳು. ಭಾಷೆ ಕಲೆತುಹೋಗಿದೆ, ಏನಾದರೂ ಅಂದಾಳು ಎಂದು ಮೇಷ್ಟ್ರು ಕಾದರು. ಅವಳು ಕೇಳಿದ್ದು ಒಂದೇ: “ಸರ್, ಚಿತ್ರ ಬಿಡಿಸೋದು ಎಲ್ಲಿ ಅದ?”